ಕುದೂರಿನ ಪೆಟ್ಟಿಗೆ ಆರುತ್ತಿದ್ದ ವರ್ಷ

ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಜನಕ್ಕೆ ಆಸ್ಪತ್ರೆಯೋ ಕಕ್ಕಸೋ ನೆನಪಾಗುತ್ತೆ. ನನಗೆ ಕುದೂರು ನೆನಪಾಗುತ್ತೆ.

ಹೋದ ವಾರ ಅಲ್ಲಿಗೆ ಹೋಗಿದ್ದೆ. ನಾನಾಗಿ ಹೋಗಿದ್ದಲ್ಲ. ರಾಮನಗರದಲ್ಲಿ ನಮ್ಮ ಆಫೀಸಿನ ಸ್ಕ್ರೀನಿನ ಮೇಲೆ ಸಿಸ್ಟಮ್ಮೇ ಒಂದು ಕೆಲಸ ಹಾಕಿತ್ತು: ಕುದೂರು ಕೇಂದ್ರ, ಬ್ಯಾಟರಿ ಹಳೆಯದಾಗಿದೆ, ಬದಲಾಯಿಸಿ. ಬೇರೆ ಏನೇ ಕೆಟ್ಟರೂ ಅದು ಇಲ್ಲಿಂದಲೇ ಸರಿಮಾಡುತ್ತೆ. ಬ್ಯಾಟರಿ ಹೊತ್ತುಕೊಂಡು ಹೋಗಿ ಸ್ಕ್ರೂ ತಿರುಗಿಸೋಕೆ ಮಾತ್ರ ಅದಕ್ಕೆ ಕೈಯಿಲ್ಲ. ಆ ಕೈ ನಾನು.

ಬ್ಯಾಟರಿಯನ್ನು ಬೈಕಿಗೆ ಕಟ್ಟಿಕೊಂಡು ಮಾಗಡಿ ರಸ್ತೆ ಹಿಡಿದೆ. ಮಾಗಡಿ ದಾಟಿ ಕುದೂರು. ಕೇಂದ್ರದ ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ ಹಾಗೇ ಇತ್ತು. ಬ್ಲೀಚಿಂಗ್ ನೀರು, ಅದರಾಚೆ ಸುಣ್ಣದ ಗೆರೆ. ವಾಸನೆ ಮೂಗಿಗೆ ಹೊಡೆದ ತಕ್ಷಣ ಕಾಲು ಮುಂದಕ್ಕೆ ಹೋಗಲಿಲ್ಲ. ಅಲ್ಲೇ ನಿಂತೆ. ಮೂರು ವರ್ಷವಾಗಿತ್ತು ಆ ವಾಸನೆ ಕಂಡು.

ನಾನು ಕನಕಪುರದ ಕಡೆಯವನು. ನಮ್ಮದು ಕುರಿ ಸಾಕುವ ಮನೆ, ಜೊತೆಗೆ ಒಂದಷ್ಟು ರಾಗಿ ಹೊಲ. ಎಸ್ಸೆಸ್ಸೆಲ್ಸಿ ಫೇಲಾಗಿ ಟಿವಿ ಕೇಬಲ್ ಎಳೆಯುತ್ತಿದ್ದೆ. ಅಲ್ಲಿಂದ ಈ ಕಂಪನಿಗೆ ಬಂದೆ. ಕಂಪನಿ ಕೆಲಸ ಚಾಕಿ ಸಾಕೋದು. ಅಂದರೆ ರೇಷ್ಮೆಹುಳ ಮೊಟ್ಟೆಯಿಂದ ಬಂದಾಗ ಸಾಸಿವೆಗಿಂತ ಸಣ್ಣಗಿರುತ್ತೆ. ಅದನ್ನು ರೈತರು ಮನೆಯಲ್ಲಿ ಸಾಕೋದು ಕಷ್ಟ. ಕಂಪನಿಯವರು ಒಂದು ಹಂತದವರೆಗೆ ಸಾಕಿ ರೈತರಿಗೆ ಕೊಡುತ್ತಾರೆ. ಕನಕಪುರ, ಚನ್ನಪಟ್ಟಣ, ಮಾಗಡಿ, ಕುದೂರು ಹೀಗೆ ಸುತ್ತಮುತ್ತ ಕೇಂದ್ರಗಳಿದ್ದವು.

ನಮ್ಮ ಯಜಮಾನರಿಗೆ ಒಂದು ಹುಚ್ಚು ಹಿಡಿಯಿತು. ಎಲ್ಲ ಕೇಂದ್ರದ ಬಿಸಿ, ತೇವ, ಕ್ಯಾಮೆರಾ, ಬಿಲ್ಲು ಎಲ್ಲ ಕೂತಲ್ಲೇ ಕಾಣಬೇಕು. ಅದೂ ಯಾವುದೋ ಹೊರಗಿನ ದೊಡ್ಡ ಕಂಪನಿಯ ಕಂಪ್ಯೂಟರಿನಲ್ಲಿ ಇಡಬಾರದು, ನಮ್ಮದು ನಮ್ಮ ಮನೆಯಲ್ಲೇ ಇರಬೇಕು. ಅದಕ್ಕೆ ರಾಮನಗರದಲ್ಲಿ ಒಂದು ಕೋಣೆಗೆ ಎಸಿ ಹಾಕಿಸಿ, ಕಬ್ಬಿಣದ ಬೀರುವಿನಂಥದ್ದರಲ್ಲಿ ಸರ್ವರ್‌ಗಳನ್ನು ಜೋಡಿಸಿದರು. ಅದಕ್ಕೆ ಪ್ರೈವೇಟ್ ಕ್ಲೌಡ್ ಅನ್ನುತ್ತಾರೆ. ಮೋಡವೂ ಇಲ್ಲ, ಮಳೆಯೂ ಇಲ್ಲ. ಚಳಿ ಮಾತ್ರ ಇದೆ.

ಅದನ್ನು ನೋಡಿಕೊಳ್ಳೋಕೆ ಬಂದವರು ತಸ್ಲೀಮಾ ಮೇಡಂ. ರಾಮನಗರದವರೇ. ಅವರ ಮನೆಯಲ್ಲಿ ಅಪ್ಪನ ಕಾಲದಿಂದ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ. ಮಾತು ಚುರುಕು, ಕೈ ಇನ್ನೂ ಚುರುಕು. ಅವರು ಒಳಗೆ ಕೂತವರು, ನಾನು ಹೊರಗೆ ತಿರುಗುವವನು. ಪ್ರತಿ ಕೇಂದ್ರಕ್ಕೆ ಒಂದು ಪೆಟ್ಟಿಗೆ, ಅಲ್ಲಿನ ಸೆನ್ಸರು ಕ್ಯಾಮೆರಾಗಳನ್ನು ರಾಮನಗರಕ್ಕೆ ಜೋಡಿಸೋದು ಅದೇ. ಅದನ್ನು ಗೋಡೆಗೆ ಹೊಡೆದು, ಲ್ಯಾಪ್‌ಟಾಪಿಗೆ ನೀಲಿ ವೈರು ಸಿಕ್ಕಿಸಿ ಮೇಡಂಗೆ ಫೋನ್ ಮಾಡಬೇಕು. ಅವರು ಒಂದೊಂದೇ ಅಕ್ಷರ ಹೇಳೋರು, ನಾನು ಒತ್ತೋನು. ನನಗೆ ಅರ್ಥ ಗೊತ್ತಿಲ್ಲ. ಏನು ಮಾಡುತ್ತಿದ್ದೀವಿ ಅಂತ ಒಂದು ಸಲ ಕೇಳಿದೆ.

"ನಿಮ್ಮನೇಲಿ ಕುರಿ ಹಟ್ಟಿ ಇದೆಯಲ್ಲ, ಮರಿಗಳನ್ನ ಎಲ್ಲಿ ಕೂಡ್ತೀರ?"

"ಬೇರೆ. ತಡಿಕೆ ಕಟ್ಟಿ."

"ಟಗರು?"

"ಅದೂ ಬೇರೆ. ಇಲ್ಲಾಂದ್ರೆ ತುಳಿದಾಕ್ತದೆ."

"ಅದೇ ಮಾಡ್ತಿರೋದು. ಕ್ಯಾಮೆರಾದ್ದು ಬೇರೆ ತಡಿಕೆ, ತೇವದ್ದು ಬೇರೆ, ಬಿಲ್ಲಿಂದು ಬೇರೆ. ಒಂದರೊಳಗೆ ಒಂದು ನುಗ್ಗಬಾರದು. ಈಗ ಒತ್ತು, ಎಲ್."

"ಯಾವ ಎಲ್ ಮೇಡಂ, ಉದ್ದ ಕಡ್ಡೀನಾ, ಕಾಲಿರೋದಾ?"

"ಯಾ ಅಲ್ಲಾ! ಕಡ್ಡಿ ಕಣೋ, ಕಡ್ಡಿ."

ಒಂದು ಅಕ್ಷರ ತಪ್ಪಿದರೆ ಆ ಕೇಂದ್ರವೇ ಸ್ಕ್ರೀನಿನಿಂದ ಮಾಯ. ಮತ್ತೆ ಗಾಡಿ ಹತ್ತಬೇಕು. ಒಂದು ಹೊಸ ಕ್ಯಾಮೆರಾ ಹಾಕಿದರೂ ಪ್ರತಿ ಊರಿಗೂ ಹೋಗಿ ಅದೇ ಅಕ್ಷರಗಳನ್ನು ಮತ್ತೆ ಒತ್ತಬೇಕು. ಮೇಡಂಗೆ ಅದು ತಲೆನೋವು. ನನಗೆ ಅದೇ ಸುಖ. ಬೈಕು, ರೋಡು, ಊರೂರಿನ ಟೀ. ಚನ್ನಪಟ್ಟಣಕ್ಕೆ ಹೋದರೆ ರಸ್ತೆ ತುಂಬ ಲಾರಿ. ಕನಕಪುರಕ್ಕೆ ಹೋದರೆ ಮನೆಯಲ್ಲಿ ಒಂದು ಹೊತ್ತು ಊಟ. ಮಾಗಡಿ ರಸ್ತೆಯಲ್ಲಿ ಸಾವನದುರ್ಗ ಬಲಗಡೆಗೆ ಬರುತ್ತೆ. ಚಳಿಗಾಲದ ಬೆಳಿಗ್ಗೆ ಮಂಜಿದ್ದರೆ ಅಷ್ಟು ದೊಡ್ಡ ಬೆಟ್ಟವೇ ಇರಲ್ಲ. ವಾಪಸ್ಸು ಬರುವಾಗ ಇರುತ್ತೆ.

ಕುದೂರಿಗೆ ಮೊದಲ ಸಲ ಹೋದಾಗ ನೇರ ಒಳಗೆ ನುಗ್ಗಿದೆ. ಒಂದು ಹುಡುಗಿ ಕಿರುಚಿದಳು.

"ಅಣ್ಣಾ, ನಿಂತ್ಕಳಿ! ಯಾವೂರ್ನೋರು ನೀವು, ಹುಳಿನ್ ಮನೆಗೆ ಚಪ್ಲಿ ಮೆಟ್ಕಂಡ್ ನುಗ್ತೀರಲ್ಲ? ಕಾಲ್ ಅದ್ದಿ ಅದ್ರಲ್ಲಿ!"

ಅದು ಭಾಗ್ಯ. ಆ ಕೇಂದ್ರವನ್ನು ನೋಡಿಕೊಳ್ಳುವವಳು. ನನ್ನ ವಯಸ್ಸಿನವಳೇ. ಪಿಯುಸಿ ಓದಿದ್ದಳು, ನನಗಿಂತ ಹೆಚ್ಚು. ಅವಳ ಜೊತೆ ಕೆಂಪಮ್ಮ ಅಂತ ವಯಸ್ಸಾದ ಹೆಂಗಸು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಚ್ಚುತ್ತಿದ್ದರು. ನಾನು ಕನಕಪುರದ ಕಡೆಯ ಕುರಿ ಮನೆಯವನು ಅಂತ ಹೇಳಿಕೊಂಡು ಕಾಲು ಅದ್ದಿ ಬಂದೆ. ಪ್ಯಾಂಟಿನ ತುದಿ ಬೆಳ್ಳಗಾಯಿತು. ಆ ಪ್ಯಾಂಟು ಇವತ್ತಿಗೂ ಹಾಗೇ ಇದೆ.

ಪೆಟ್ಟಿಗೆ ಹೊಡೆದೆ. ಪೆಟ್ಟಿಗೆಯಿಂದಲೇ ತುಂತುರು ಮಿಷಿನ್ನಿಗೂ ಕರೆಂಟು. ಕೋಣೆಯಲ್ಲಿ ತೇವ ಕಡಿಮೆಯಾದರೆ ರಾಮನಗರದಿಂದ ಹುಕುಂ ಬರುತ್ತೆ, ಮಿಷಿನ್ನು ಬುಸ್ ಅಂತ ಮಂಜಿನಂಥ ನೀರು ಬಿಡುತ್ತೆ. ಎಲ್ಲ ಸರಿಯಿತ್ತು. ಹಸಿರು ಲೈಟು ಹತ್ತಿತು. ಬಂದೆ.

ಒಂದು ವಾರವೂ ಆಗಿರಲಿಲ್ಲ, ಸ್ಕ್ರೀನಿನ ಮೇಲೆ ಕುದೂರು ಕೆಂಪು. ಪೂರ್ತಿ ಆರಿಹೋಗಿದೆ. ಹೋದೆ. ಹೋಗಿ ನೋಡಿದರೆ ಪೆಟ್ಟಿಗೆಗೆ ಏನೂ ಆಗಿಲ್ಲ. ಪ್ಲಗ್ಗು ಕಿತ್ತು, ವೈರನ್ನು ನೀಟಾಗಿ ಸುತ್ತಿ, ಮೊಳೆಗೆ ನೇತುಹಾಕಿದ್ದಾರೆ.

"ಯಾರು ಕಿತ್ತಿದ್ದು?"

"ನಾನೆಯ" ಅಂದಳು ಭಾಗ್ಯ.

"ಯಾಕೆ?"

"ಹುಳ ಜ್ವರಕ್ಕೆ ಕುಂತವೆ."

"ಹುಳಕ್ಕೆ ಜ್ವರ ಬಂದ್ರೆ ಔಷ್ದಿ ಹಾಕಿ. ಪ್ಲಗ್ ಯಾಕ್ ಕೀಳ್ತೀರಿ?"

ಕೆಂಪಮ್ಮ ಸೊಪ್ಪಿನ ಮುಂದೆ ಕೂತಲ್ಲೇ ನಕ್ಕರು. "ಅಯ್ಯೋ ನನ್ನಪ್ಪ! ಕುರಿ ಕಾಯೋನ್ಗೆ ಹುಳಿನ್ ಜ್ವರ ಏನ್ ಗೊತ್ತಾದದು ಕಣಮ್ಮಿ. ಔಷ್ದಿ ಅಂತೆ!"

ಭಾಗ್ಯ ನಗಲಿಲ್ಲ. ನನ್ನನ್ನು ತಟ್ಟೆಯ ಹತ್ತಿರ ಕರೆದು ತೋರಿಸಿದಳು. ಸಣ್ಣ ಹುಳಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿದ್ದವು. ಸೊಪ್ಪು ಮುಟ್ಟುತ್ತಿಲ್ಲ. ಅದು ಕಾಯಿಲೆ ಅಲ್ಲವಂತೆ. ಪೊರೆ ಬಿಡುವ ಹೊತ್ತು. ಅದಕ್ಕೇ ಇಲ್ಲಿ ಜ್ವರ ಅನ್ನೋದು. ಆಗ ಅವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಮುಖ್ಯವಾಗಿ ಕೋಣೆ ಒಣಗಿರಬೇಕು, ಮೇಲೆ ಸುಣ್ಣದ ಪುಡಿ ಉದುರಿಸಬೇಕು.

"ನಾವ್ ಒಣುಗ್ಲಿ ಅಂತ ಸುಣ್ಣ ಹಾಕುದ್ರೆ ನಿಮ್ ಮಿಷಿನ್ನು ಬುಸ್ ಬುಸ್ ಅಂತ ನೀರ್ ಉಗೀತದೆ. ಅದ್ಕೆ ಯೋಳುದ್ರೆ ಕೇಳ್ತದಾ? ಕಿತ್ತೆ."

ಬೇರೆ ಕೇಂದ್ರದವರು ಏನು ಮಾಡುತ್ತಾರೆ ಅಂತ ಆಮೇಲೆ ನೋಡಿದೆ. ಚನ್ನಪಟ್ಟಣದಲ್ಲಿ ತೇವ ಅಳೆಯುವ ಸೆನ್ಸರಿಗೆ ಒದ್ದೆ ಬಟ್ಟೆ ಸುತ್ತಿಬಿಡುತ್ತಿದ್ದರು. ಅದು ಕೋಣೆ ತುಂಬ ತೇವ ಇದೆ ಅಂದುಕೊಂಡು ಮಿಷಿನ್ನು ನಿಲ್ಲಿಸುತ್ತಿತ್ತು. ರಾಮನಗರಕ್ಕೂ ಹಸಿರೇ ಕಾಣುತ್ತಿತ್ತು. ಮಾಗಡಿಯಲ್ಲೂ ಅದೇ. ಕನಕಪುರದವರು ಸೆನ್ಸರನ್ನೇ ಕುಡಿಯುವ ನೀರಿನ ಗುಡಾಣದ ಪಕ್ಕ ಇಟ್ಟಿದ್ದರು. ಭಾಗ್ಯಂಗೆ ಹೇಳಿದೆ, ನೀವೂ ಒಂದು ಬಟ್ಟೆ ಸುತ್ತಿ, ಸುಮ್ನೆ ರಗಳೆ ಇರಲ್ಲ.

"ಅಂಗೆಲ್ಲ ಸುಳ್ ಯೋಳಕ್ಕೆ ನಂಗ್ ಬರಾಕಿಲ್ಲ. ಬ್ಯಾಡ ಅಂದ್ರೆ ಬ್ಯಾಡ. ಕಿತ್ತಾಕ್ತೀನಿ."

"ಹಂಗಾದ್ರೆ ನಾನು ಪ್ರತಿ ಸಲ ಬರ್ಬೇಕಾಗ್ತದೆ."

"ಬನ್ನಿ. ರೋಡ್ ಏನ್ ನಮ್ಮಪ್ಪನ್ದಾ?"

ಒಂದು ಬ್ಯಾಚಿಗೆ ಅವರ ಹತ್ತಿರ ಎರಡು ಜ್ವರ. ಎರಡನೇ ಜ್ವರ ಎದ್ದ ಮೇಲೆ ರೈತರು ಬಂದು ಹುಳ ಒಯ್ಯುತ್ತಾರೆ. ಮನೆ ತೊಳೆದು ಮತ್ತೆ ಹೊಸ ಬ್ಯಾಚು. ಅಂದರೆ ತಿಂಗಳಲ್ಲಿ ಹಲವು ಸಲ ಕುದೂರು ಆರಿಹೋಗುತ್ತಿತ್ತು. ಆರಿದಾಗೆಲ್ಲ ನಾನು ಹೋಗುತ್ತಿದ್ದೆ. ರಾಮನಗರದಲ್ಲಿ ಕೇಳಿದರೆ ಕರೆಂಟ್ ಪ್ರಾಬ್ಲಮ್ ಅನ್ನುತ್ತಿದ್ದೆ. ನಾನು ಹೋಗಿ ಮಾಡುತ್ತಿದ್ದ ಕೆಲಸ ಏನೂ ಇರಲಿಲ್ಲ. ಜ್ವರ ಏಳೋವರೆಗೆ ಪ್ಲಗ್ಗು ಹಾಕೋಕೆ ಅವಳು ಬಿಡಲ್ಲ. ಹೊರಗೆ ಜಗಲಿಯ ಮೇಲೆ ಕೂರುತ್ತಿದ್ದೆ. ಕೆಂಪಮ್ಮ ಬಿಡುವಾದಾಗ ಬಂದು ಎಲೆ ಅಡಿಕೆ ಹಾಕಿಕೊಂಡು ಕಿಚಾಯಿಸುತ್ತಿದ್ದರು.

"ಅಲ್ಲ ಕಣ್ಲಾ ಮಗ, ನೀನ್ ಇಲ್ ಬಂದ್ ಕುಂತ್ರೆ ನಿಮ್ ಕುರಿ ಯಾರ್ಲಾ ಮೇಯ್ಸ್ತಾರೆ?"

"ನಮ್ಮಪ್ಪ."

"ಅವ್ನು ಬುದ್ವಂತ. ಕುರಿ ಆದ್ರೂ ಮಯ್ ತುಂಬ್ಕತದೆ. ಈ ಪೆಟ್ಗೆ ಏನ್ ಮರಿ ಹಾಕದಾ?"

ಭಾಗ್ಯ ಒಳಗಿಂದ, "ಸುಮ್ಕಿರು ಕೆಂಪಕ್ಕ, ಅವ್ರ್ಗೂ ಸಂಬ್ಳ ಬರ್ಬೇಕಲ್ಲ" ಅನ್ನುತ್ತಿದ್ದಳು.

ಒಂದು ಮಾತು ಹೇಳಬೇಕು. ಮೊದಲು ಅವಳು ನನ್ನನ್ನು ಅಣ್ಣ ಅನ್ನುತ್ತಿದ್ದಳು. ಅಲ್ಲಿ ಯಾರು ಬಂದರೂ ಅಣ್ಣನೇ, ಸೊಪ್ಪಿನವನೂ ಅಣ್ಣ, ಕರೆಂಟಿನವನೂ ಅಣ್ಣ. ಮಳೆ ನಿಂತು ಮಂಜು ಬೀಳೋಕೆ ಶುರುವಾದಾಗ ನಾನು ಗಮನಿಸಿದೆ, ಅಣ್ಣ ಬಿಟ್ಟಿದ್ದಾಳೆ. ಹೆಸರೂ ಕರೆಯಲ್ಲ. "ಏನ್ರೀ" ಅಂತಲೂ ಇಲ್ಲ. ಏನಾದರೂ ಹೇಳಬೇಕಾದರೆ ಗೋಡೆ ನೋಡಿ ಹೇಳೋದು, "ಟೀ ಆರೋಯ್ತದೆ." ಅದು ನನಗೆ ಅಂತ ನಾನು ತಿಳಿದುಕೊಳ್ಳಬೇಕು. ಕೆಂಪಮ್ಮ ಅದನ್ನು ನನಗಿಂತ ಮೊದಲೇ ಗಮನಿಸಿದ್ದರು ಅಂತ ಕಾಣುತ್ತೆ. ಆಮೇಲೆ ಅವರು ಕಿಚಾಯಿಸೋದು ಕಡಿಮೆ ಮಾಡಿದರು.

ಭಾಗ್ಯಳದ್ದು ಹೊಲ ಗದ್ದೆ ಇಟ್ಟಿರುವ ಗೌಡರ ಮನೆ. ನಮ್ಮದು ಕುರಿ ಮನೆ. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಅವರೆಕಾಯಿ ಕಾಲ ಬಂತು. ಮಾಗಡಿ ಕಡೆ ಆಗ ರಸ್ತೆ ಬದಿಯಲ್ಲೆಲ್ಲ ಅವರೆಕಾಯಿ ರಾಶಿ. ಬೈಕಿನಲ್ಲಿ ಹೋಗುತ್ತಿದ್ದರೂ ಅದರ ಸೊನೆ ವಾಸನೆ ಮೂಗಿಗೆ ಬರುತ್ತೆ. ಒಂದು ದಿನ ಬೆಳಿಗ್ಗೆ ಕುದೂರು ಮತ್ತೆ ಕೆಂಪು. ಜ್ವರದ ಲೆಕ್ಕ ಅಷ್ಟೊತ್ತಿಗೆ ನನಗೂ ಬಾಯಿಪಾಠ ಆಗಿತ್ತು. ಹಿಂದಿನ ದಿನವೇ ರೈತರು ಹುಳ ಒಯ್ದಿದ್ದರು. ಹುಳವೇ ಇಲ್ಲ. ಹಾಗಾದರೆ ನಿಜವಾಗಿ ಕೆಟ್ಟಿರಬೇಕು ಅಂತ ಎಲ್ಲ ಸಾಮಾನು ತುಂಬಿಕೊಂಡು ಹೋದೆ. ಮಂಜಿನಲ್ಲಿ ಕೈ ಮರಗಟ್ಟಿ ಬ್ರೇಕು ಹಿಡಿಯೋಕೂ ಆಗುತ್ತಿರಲಿಲ್ಲ.

ಹೋದರೆ ಕೋಣೆ ಖಾಲಿ. ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಒರಗಿಸಿದ್ದಾರೆ. ನೆಲಕ್ಕೆ ಬ್ಲೀಚಿಂಗ್ ನೀರು ಹೊಡೆದು ಕಣ್ಣು ಉರಿಯುವಷ್ಟು ವಾಸನೆ. ಪ್ಲಗ್ಗು ಮೊಳೆಗೆ ನೇತಾಡುತ್ತಿದೆ.

"ಹುಳಾನೇ ಇಲ್ವಲ್ಲ" ಅಂದೆ.

"ಮನೆ ತೊಳೀತಿದ್ದೋ. ನೀರ್ ಬಿದ್ದಾತು ಅಂತ ಕಿತ್ತೆ."

"ಫೋನ್ ಮಾಡಿ ಹೇಳ್ಬೋದಿತ್ತಲ್ಲ."

"ಮರ್ತೋಯ್ತು." ಗೋಡೆ ನೋಡಿ ಹೇಳಿದಳು. ಆಮೇಲೆ, "ಅವರೆಕಾಳ್ ಸಾರ್ ಮಾಡಿವ್ನಿ. ಮುದ್ದೆ ಬಿಸಿ ಐತೆ."

ಕೆಂಪಮ್ಮ ಆವತ್ತು ಬಂದಿರಲಿಲ್ಲ. ತೊಳೆದ ತಟ್ಟೆಗಳ ಪಕ್ಕ ಬಿಸಿಲಿನಲ್ಲಿ ಕೂತು ಉಂಡೆ. ಅವಳು ಸ್ವಲ್ಪ ದೂರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹೆಚ್ಚು ಮಾತಾಡಲಿಲ್ಲ. ನಮ್ಮೂರಲ್ಲಿ ಅವರೆ ಬೆಳೀತಾರಾ ಅಂದಳು. ಬೆಳೀತಾರೆ, ಇಷ್ಟು ಸೊನೆ ಇರಲ್ಲ ಅಂದೆ. ಅಷ್ಟೆ. ಇನ್ನೊಂದು ಮುದ್ದೆ ಹಾಕಿದಳು, ಬೇಡ ಅನ್ನಲಿಲ್ಲ. ಹೊರಡುವಾಗ ನಾನೇ ಪ್ಲಗ್ಗು ಹಾಕಿದೆ. ಹಸಿರು ಹತ್ತಿತು. ಆ ವರ್ಷದಲ್ಲಿ ನನಗೆ ಪೂರ್ತಿ ನೆನಪಿರುವ ದಿನ ಅದೊಂದೇ.

ಸಂಕ್ರಾಂತಿ ಆದಮೇಲೆ ಯಜಮಾನರು ರಾಮನಗರದ ಕೋಣೆಗೆ ಬಂದರು. ನಾನು ಎಸಿಯ ಜಾಲರಿ ಬಿಚ್ಚಿ ಧೂಳು ಹೊಡೆಯುತ್ತಿದ್ದೆ. ಅವರು ಸ್ಕ್ರೀನಿನ ಮುಂದೆ ನಿಂತು ಮೇಡಂನ ಕೇಳಿದರು.

"ಇದೇನಮ್ಮ, ಎಲ್ಲಾ ಹಸಿರು, ಕುದೂರು ಒಂದೇ ಕೆಂಪು? ನಾನು ಯಾವಾಗ ಬಂದ್ರೂ ಕೆಂಪೇ."

"ಅಲ್ಲಿ ಪವರ್ ಸರಿಯಿಲ್ಲ ಸರ್."

"ಸರಿಯಿಲ್ದಿದ್ರೆ ಯಾಕೆ ಇಟ್ಕೊಳ್ಳೋದು? ಯುಗಾದಿ ಆದ್ಮೇಲೆ ಕುದೂರು ಮುಚ್ಚಿ ಮಾಗಡೀಲೇ ಸೇರಿಸ್ಬುಡಿ. ಆ ಹೆಂಗಸರಿಗೆ ಲೆಕ್ಕ ಚುಕ್ತಾ ಮಾಡಿ."

ಹೇಳಿದರು, ಹೋದರು. ಅವರಿಗೆ ಅದು ಟೀ ಕುಡಿದಷ್ಟು ಸುಲಭ.

ನಾನು ಜಾಲರಿ ಹಿಡಿದುಕೊಂಡೇ ನಿಂತೆ. ಬಟ್ಟೆ ಸುತ್ತಿ ಸುಳ್ಳು ಹೇಳಿದವರೆಲ್ಲ ಹಸಿರು. ನೇರ ಕಿತ್ತುಹಾಕಿದವಳು ಕೆಂಪು. ಸುಮ್ಮನಿದ್ದರೆ ಯುಗಾದಿವರೆಗೆ ನಾನು ಕುದೂರಿಗೆ ಹೋಗುತ್ತಲೇ ಇರಬಹುದು. ಆಮೇಲೆ ಅಲ್ಲಿ ಕೇಂದ್ರವೇ ಇರಲ್ಲ. ಹೇಳಿದರೆ ಕೇಂದ್ರ ಉಳಿಯಬಹುದು. ಆದರೆ ಮೇಡಂ ಅದನ್ನು ಸರಿಮಾಡುತ್ತಾರೆ, ಸರಿಮಾಡಿದರೆ ನಾನು ಹೋಗೋಕೆ ಕಾರಣ ಇರಲ್ಲ. ಮೇಡಂ ಕೆಲಸ ನನಗೆ ಗೊತ್ತು. ಅವರು ಅರ್ಧಂಬರ್ಧ ಮಾಡೋರಲ್ಲ.

"ಮೇಡಂ, ಪವರ್ ಅಲ್ಲ ಅದು. ಅವರು ಕೀಳ್ತಾರೆ."

"ಏನನ್ನ?"

"ಪ್ಲಗ್ಗು. ಹುಳಕ್ಕೆ ಜ್ವರ ಬಂದಾಗ."

ನನಗೆ ಗೊತ್ತಿದ್ದಷ್ಟು ಹೇಳಿದೆ. ಒದ್ದೆ ಬಟ್ಟೆ ಕತೆಯನ್ನೂ ಹೇಳಿದೆ. ಮೇಡಂ ಬೈಯಲಿಲ್ಲ. ತಲೆ ಮೇಲೆ ಕೈ ಇಟ್ಟುಕೊಂಡು ನಕ್ಕರು. "ನಮ್ಮನೇಲಿ ಗೂಡು ಬಂದಮೇಲಿಂದು ಎಲ್ಲಾ ಗೊತ್ತು ಮಾದೇಶ್. ಗೂಡಾಗೋಕೆ ಮುಂಚೆ ಹುಳ ಏನ್ ಮಾಡ್ತದೆ ಅಂತ ನಾನು ನೋಡೇ ಇಲ್ಲ. ಆ ಹುಡುಗಿಗೆ ಫೋನ್ ಹಚ್ಚು."

ಸ್ಪೀಕರ್ ಹಾಕಿ ಹಿಡಿದುಕೊಂಡೆ. ಮೊದಲು ಭಾಗ್ಯ ಹೆದರಿದಳು. ಆಮೇಲೆ ಮೇಡಂ ಕೇಳುವ ರೀತಿ ನೋಡಿ ಬಿಡಿಸಿ ಬಿಡಿಸಿ ಹೇಳಿದಳು. ಮೊದಲ ಜ್ವರ ಯಾವಾಗ ಕೂರುತ್ತೆ, ಚಳಿಯಲ್ಲಿ ಎಷ್ಟು ತಡ, ಅರ್ಧ ಹುಳ ಕೂತು ಅರ್ಧ ಇನ್ನೂ ಮೇಯುತ್ತಿದ್ದರೆ ಏನು ಮಾಡಬೇಕು, ಎದ್ದಿವೆ ಅಂತ ಹೇಗೆ ಗೊತ್ತಾಗುತ್ತೆ. ಮೇಡಂ ಒಂದೊಂದನ್ನೂ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಿದ್ದರು. ಇಬ್ಬರೂ ಅಕ್ಕ ತಂಗಿಯರ ಥರ ಮಾತಾಡಿದರು. ನನ್ನ ತೋಳು ಸೋತುಹೋಯಿತು.

"ಆಯ್ತು ಭಾಗ್ಯ. ನಿಮ್ಮ ಫೋನಿಗೆ ಜ್ವರ ಅಂತ ಒಂದು ಬಟನ್ ಕೊಡ್ತೀನಿ. ಹುಳ ಕೂತಾಗ ಒತ್ತಿ. ಮಿಷಿನ್ನು ತಾನೇ ನಿಲ್ತದೆ, ಪೆಟ್ಟಿಗೆ ಆರಲ್ಲ. ಎದ್ದ ಮೇಲೆ ಮತ್ತೆ ಒತ್ತಿ."

"ಅಂಗಾರೆ ಇನ್ಮೇಕೆ ಕೀಳದೇ ಬ್ಯಾಡ್ವಾ ಮೇಡಂ?"

"ಬೇಡ."

"ಯಾರೂ ಬರಂಗೂ ಇಲ್ವಾ?"

"ಯಾರೂ ಬರೋದು ಬೇಡಮ್ಮ. ಎಲ್ಲಾ ಇಲ್ಲಿಂದಾನೇ ಆಗ್ತದೆ. ನಿಮಗೆ ತೊಂದ್ರೇನೇ ಇಲ್ಲ."

"ಸರಿ ಮೇಡಂ" ಅಂದಳು. ಫೋನ್ ಇಟ್ಟಳು.

ಮೇಡಂ ಅಲ್ಲಿಗೇ ನಿಲ್ಲಿಸಲಿಲ್ಲ. "ನಿನಗೆ ಅದೇ ಎಲ್, ಅದೇ ಕಡ್ಡಿ ಹೇಳಿ ಹೇಳಿ ನನ್ನ ಬಾಯಿ ನೋಯ್ತಿದೆ. ಒಂದೇ ಸಲ ಬರೆದಿಟ್ಬಿಡ್ತೀನಿ" ಅಂತ ಕೂತರು. ಯಾವ ಕೇಂದ್ರ ಹೇಗಿರಬೇಕು, ಎಷ್ಟು ತಡಿಕೆ, ಯಾವುದು ಯಾವುದರ ಜೊತೆ ಮಾತಾಡಬಹುದು, ಎಲ್ಲ ಬರೆದಿಟ್ಟರು. ಇನ್ನು ಸಿಸ್ಟಮ್ಮು ಅದನ್ನು ಓದಿಕೊಂಡು ತಾನೇ ನೆಟ್‌ವರ್ಕು ಕಟ್ಟುತ್ತೆ. ಹೊಸ ಕ್ಯಾಮೆರಾ ಬೇಕಾದರೆ ಒಂದು ಸಾಲು ಬದಲಾಯಿಸಿದರೆ ಸಾಕು, ಎಲ್ಲ ಊರಿನಲ್ಲೂ ಒಟ್ಟಿಗೇ ಆಗುತ್ತೆ. ಯಾರಾದರೂ ಏನಾದರೂ ಕೆಡಿಸಿದರೆ ಅದೇ ನೋಡಿ ಮೊದಲಿನಂತೆ ಮಾಡುತ್ತೆ. ಪೆಟ್ಟಿಗೆಗಳನ್ನೂ ಬದಲಾಯಿಸಿದರು. ಹೊಸದರಲ್ಲಿ ಬ್ಯಾಟರಿ ಇದೆ. ಪ್ಲಗ್ಗು ಕಿತ್ತರೆ ಬ್ಯಾಟರಿಯಲ್ಲಿ ನಡೆಯುತ್ತೆ. ಗುಂಡಿ ಒತ್ತಿ ಆರಿಸಿದರೂ ಒಳಗಿರುವ ಇನ್ನೊಂದು ಸಣ್ಣ ಬೋರ್ಡು ರಾಮನಗರಕ್ಕೆ ಹೇಳುತ್ತೆ, ರಾಮನಗರ ಮತ್ತೆ ಹತ್ತಿಸುತ್ತೆ.

ಆ ಹೊಸ ಪೆಟ್ಟಿಗೆ ಹಾಕೋಕೆ ಕುದೂರಿಗೆ ಹೋಗಿದ್ದೇ ಕೊನೆ. ಗೋಡೆಗೆ ಹೊಡೆದು ಪ್ಲಗ್ಗು ಹಾಕಿದೆ. ಲ್ಯಾಪ್‌ಟಾಪ್ ಬೇಕಾಗಲಿಲ್ಲ, ನೀಲಿ ವೈರು ಬೇಕಾಗಲಿಲ್ಲ, ಮೇಡಂಗೆ ಫೋನೂ ಬೇಕಾಗಲಿಲ್ಲ. ಲೈಟುಗಳು ಒಂದಾದ ಮೇಲೆ ಒಂದು ಹತ್ತಿ ಹಸಿರಾದವು. ಚೀಲ ಬಿಚ್ಚುವುದರೊಳಗೆ ಕೆಲಸ ಮುಗಿದಿತ್ತು.

"ಇಷ್ಟೆಯಾ?" ಅಂದಳು ಭಾಗ್ಯ.

"ಇಷ್ಟೇ."

"ಕೇಂದ್ರ ಮುಚ್ಚಾಕಿಲ್ವಂತೆ. ಮೇಡಂ ಯೋಳುದ್ರು."

"ಹೂಂ."

"ಒಳ್ಳೇದಾಯ್ತು ಬುಡಿ" ಅಂದಳು ಗೋಡೆ ನೋಡಿ. ಕೆಂಪಮ್ಮ ಅಲ್ಲೇ ಇದ್ದರು. ನಮ್ಮಿಬ್ಬರನ್ನೂ ನೋಡಿ ಸೊಪ್ಪು ಕೊಚ್ಚೋಕೆ ಎದ್ದು ಹೋದರು. ನಾನು ಏನಾದರೂ ಹೇಳಬೇಕಿತ್ತು. ಕೆಟ್ಟಿದ್ದನ್ನು ಸರಿಮಾಡೋಕೆ ಬಂದೆ ಅನ್ನೋದು ಬಿಟ್ಟು ಬೇರೆ ಮಾತು ನನಗೆ ಬರಲ್ಲ. ಬೈಕು ಹತ್ತಿದೆ.

ಕಂಪನಿ ನನ್ನನ್ನು ತೆಗೆಯಲಿಲ್ಲ. ಎಸಿ ಕೋಣೆಯಲ್ಲಿ ಕೂರಿಸಿತು. ಧೂಳು ಹೊಡಿ, ವೈರು ಬದಲಾಯಿಸು, ಸ್ಕ್ರೀನು ನೋಡು. ಸಂಬಳ ಹೆಚ್ಚಾಯಿತು. ಅಮ್ಮನಿಗೆ ಖುಷಿ, ಮಗ ಬಿಸಿಲಿಗೆ ಹೋಗಲ್ಲ ಅಂತ. ನಾನು ಸ್ಕ್ರೀನು ನೋಡುತ್ತಿದ್ದೆ. ಬೇರೆಯವರಿಗೆ ಅದು ಸಾಲಾಗಿ ಹಸಿರು ಚುಕ್ಕಿ. ನಾನು ನೋಡುತ್ತಿದ್ದಿದ್ದು ಒಂದೇ ಚುಕ್ಕಿ. ಕೆಂಪಾಗಲಿ ಅಂತ ಕಾಯುತ್ತಿದ್ದೆ. ಸುಳ್ಳು ಯಾಕೆ. ಕೇಂದ್ರದ ಫೋನಿಗೆ ಒಂದೆರಡು ಸಲ ಮಾಡಿದೆ, "ಲೈಟ್ ಹತ್ತೈತಾ" ಅಂತ ಕೇಳೋಕೆ. ಕೆಂಪಮ್ಮ ಎತ್ತಿ, "ಹತ್ತೈತೆ ಕಣ್ಲಾ, ಹತ್ತೇ ಇರ್ತದೆ, ಆರಾಕಿಲ್ಲ ಅದು" ಅಂದರು. ಅದಾದಮೇಲೆ ಏನು ಕೇಳೋದು?

ಆ ಬೇಸಿಗೆಯಲ್ಲಿ ಅಪರೂಪಕ್ಕೆ ಕುದೂರಿನ ಚುಕ್ಕಿ ಹಳದಿ ಆಗುತ್ತಿತ್ತು. ನಾನು ಎದ್ದು ಬೈಕಿನ ಕೀಲಿಗೆ ಕೈ ಹಾಕುವುದರೊಳಗೆ ಮತ್ತೆ ಹಸಿರು. ಪಕ್ಕದಲ್ಲಿ ಬರೆದು ಬರುತ್ತಿತ್ತು: ತಾನಾಗೇ ಸರಿಯಾಗಿದೆ. ಒಂದು ಸಲ ಮೇಡಂಗೆ ತೋರಿಸಿದೆ.

"ಏನೋ ಆಗಿ ಆರಿರುತ್ತೆ, ಮತ್ತೆ ಹತ್ತಿದೆ. ಸಿಸ್ಟಮ್ ಸರಿ ಮಾಡ್ತಲ್ಲ, ನೀನ್ಯಾಕೆ ತಲೆ ಕೆಡಿಸ್ಕೋತೀಯ?"

ನಾನೂ ಅದೇ ಅಂದುಕೊಂಡೆ. ಮಳೆಗಾಲ ಬರುವ ಹೊತ್ತಿಗೆ ಹಳದಿ ಆಗೋದೂ ನಿಂತಿತು. ಆಮೇಲೆ ಮೂರು ವರ್ಷ ಹಸಿರೇ.

ಹೋದ ವಾರ ಆ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಒಳಗಿಂದ ಪರಕೆ ಹಿಡಿದುಕೊಂಡು ಒಬ್ಬಳು ಬಂದಳು. ಭಾಗ್ಯನೇ. ಮೈ ತುಂಬಿಕೊಂಡಿದ್ದಳು. ಕೊರಳಲ್ಲಿ ಕರಿಮಣಿ.

"ಓ, ಮಾದೇಶಣ್ಣ! ಯಾಕೆ ಅಲ್ಲೇ ನಿಂತ್ಬುಟ್ರಿ, ಕಾಲ್ ಅದ್ದದು ಮರ್ತೋಯ್ತಾ? ಬನ್ನಿ ಬನ್ನಿ."

ಅಣ್ಣ ವಾಪಸ್ಸು ಬಂದಿತ್ತು.

ಕಾಲು ಅದ್ದಿ ಒಳಗೆ ಹೋದೆ. ಬ್ಯಾಚು ಮುಗಿದು ಮನೆ ತೊಳೆಯುತ್ತಿದ್ದರು. ಕೋಣೆ ಖಾಲಿ. ಕೆಂಪಮ್ಮ ಮಂಡಿನೋವು ಅಂತ ಬಿಟ್ಟಿದ್ದಾರಂತೆ. ಇಬ್ಬರು ಹೊಸ ಹೆಂಗಸರು ಹೊರಗೆ ತಟ್ಟೆ ಉಜ್ಜುತ್ತಿದ್ದರು. ಭಾಗ್ಯಳ ಗಂಡ ಸೊಪ್ಪಿನ ಟೆಂಪೋ ಓಡಿಸುತ್ತಾನಂತೆ. ಸೋಲೂರು ಕಡೆಯವನು. ಒಳ್ಳೆಯವನಂತೆ. ನನಗೆ ಮದುವೆ ಆಯಿತಾ ಅಂತ ಕೇಳಿದಳು. ನೋಡ್ತಾ ಇದ್ದಾರೆ ಅಂದೆ.

ಹಳೆ ಬ್ಯಾಟರಿ ಬಿಚ್ಚಿ ಹೊಸದು ಹಾಕಿದೆ. ಹಾಕಿದ ಮೇಲೆ ಒಂದು ಸಲ ಆರಿಸಿ ನೋಡಬೇಕು, ತಾನೇ ಹತ್ತುತ್ತೋ ಇಲ್ಲವೋ ಅಂತ. ಸ್ಕ್ರೂ ಬಿಗಿಮಾಡುತ್ತಾ ಅವಳಿಗೆ ಅಷ್ಟು ಹೇಳಿದೆ.

"ನಾನೇ ಆರುಸ್ಲಾ?" ಅಂತ ನಕ್ಕಳು. "ನಂಗ್ ಚೆನ್ನಾಗ್ ಗೊತ್ತಲ್ಲ, ಆರ್ಸದು."

"ಆರ್ಸಿ."

ಅವಳು ಪ್ಲಗ್ಗಿಗೆ ಕೈ ಹಾಕಿದವಳು ನಿಲ್ಲಿಸಿದಳು. "ಈ ಹೊಸಾ ಪೆಟ್ಗೆ ಬಂದ್ಮೇಕೂ ಆರ್ಸಿದ್ದೆ ಕಣಣ್ಣ. ಆ ವರ್ಸ ಬ್ಯಾಸ್ಗೇಲಿ. ಹುಳ ಇಲ್ದಾಗ."

ನಾನು ಸ್ಕ್ರೂಡ್ರೈವರು ನೋಡುತ್ತಿದ್ದೆ.

"ಆರ್ಸದು, ಆಚೆ ಬಂದು ಜಗ್ಲಿ ಮ್ಯಾಲೆ ಕುಂತ್ಕಳದು. ಒಸಿ ಹೊತ್ತು ಬುಟ್ಟು ಒಳೀಕ್ ಹೋಗ್ ನೋಡುದ್ರೆ ಅದ್ರ ಪಾಡಿಗ್ ಅದು ಹತ್ಕಂಡ್ ಕುಂತಿರದು. ಕೆಂಪಕ್ಕ ಅಂದ್ಳು, ಇದ್ ಆರ್ದಾಗ್ ಬರೋರು ಇನ್ ಬರಾಕಿಲ್ಲ, ಸುಮ್ಕೆ ಯಾಕಮ್ಮಿ ಅದ್ನ ಗೋಳುಯ್ಕಂತೀಯ ಅಂತ. ಬುಟ್ಟೆ."

ಇದನ್ನೆಲ್ಲ ಅವಳು ಗೋಡೆ ನೋಡಿ ಹೇಳಲಿಲ್ಲ. ನನ್ನ ಮುಖ ನೋಡಿ, ನಗುತ್ತಾ ಹೇಳಿದಳು. ಮುಗಿದ ವಿಷಯವನ್ನು ಹಾಗೇ ಹೇಳುತ್ತಾರೆ.

ನನಗೆ ಆ ಹಳದಿ ಚುಕ್ಕಿಗಳು ನೆನಪಾದವು. ಈಗ ಹೇಳಿ ಏನು?

ಅವಳು ಪ್ಲಗ್ಗು ಕಿತ್ತಳು. ಗುಂಡಿಯನ್ನೂ ಒತ್ತಿ ಹಿಡಿದಳು. ಲೈಟುಗಳೆಲ್ಲ ಆರಿದವು. ಒಳಗಿನ ಫ್ಯಾನಿನ ಸದ್ದೂ ನಿಂತಿತು. ಕೋಣೆಯಲ್ಲಿ ತೊಳೆದ ನೀರು ಮೂಲೆಗೆ ಹರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಬ್ಲೀಚಿಂಗಿಗೆ ಕಣ್ಣು ಉರಿಯುತ್ತಿತ್ತು. ವೈರನ್ನು ಅವಳು ಅಭ್ಯಾಸದಂತೆ ನೀಟಾಗಿ ಸುತ್ತಿದಳು. ನೇತುಹಾಕೋಕೆ ಮೊಳೆ ಇರಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು. ಇಬ್ಬರೂ ಪೆಟ್ಟಿಗೆ ಕಡೆ ನೋಡುತ್ತಾ ನಿಂತೆವು. ಅದು ಆರಿದೆ, ನಾನು ಬಂದಿದ್ದೀನಿ.

ಒಂದು ಲೈಟು ಹತ್ತಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ.

"ನೋಡುದ್ರಾ?" ಅಂದಳು.

"ನೋಡ್ದೆ."

ಹೊರಗೆ ಟೆಂಪೋ ಹಾರನ್ ಆಯಿತು. ವೈರನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಹೋದಳು. ನಾನು ಪ್ಲಗ್ಗು ಸಿಕ್ಕಿಸಿ, ಹಳೇ ಬ್ಯಾಟರಿ ಎತ್ತಿಕೊಂಡು ಹೊರಟೆ.

ತಸ್ಲೀಮಾ ಮೇಡಂ ಕೆಲಸದಲ್ಲಿ ನಾನು ಯಾವತ್ತೂ ತಪ್ಪು ಹುಡುಕಿದವನಲ್ಲ. ಆದರೂ ಆ ಪೆಟ್ಟಿಗೆ ಒಂಚೂರು ನಿಧಾನಕ್ಕೆ ಹತ್ತಿಕೊಂಡಿದ್ದರೆ ಯಾರ ಗಂಟು ಹೋಗುತ್ತಿತ್ತು?